ಬುಡ್ಡಿಗೆ ಹಿಡಿಸದ ಮಾತು

ನಮ್ಮೂರಿನ ಜಗಳಗಳನ್ನು ಬೆಸೆಯುವವನು ನಾನು. ಹೆಸರು ವಿರೂಪಣ್ಣ. ಗಾಜಿನ ಬುಡ್ಡಿಯ ಬಾಯಿಗೆ ತಾಮ್ರದ ಮುಚ್ಚಳ ಕೂರಿಸಿ, ಒಳಗಿನ ಉಸಿರು ಹೊರಗೆ ಬಾರದಂತೆ ಹೊರಗಿನದು ಒಳಗೆ ನುಗ್ಗದಂತೆ ಮಾಡುವುದು ನಮ್ಮ ಮನೆತನದ ಕಸುಬು. ಇಬ್ಬರು ಬಾಯಿಗೆ ಬಾಯಿ ಕೊಟ್ಟು ಆಡಿದ ಸಿಟ್ಟಿನ ಮಾತು ಇಲ್ಲಿ ಆಡಿದ ಜಾಗದಲ್ಲೇ ನಿಂತುಬಿಡುತ್ತದೆ. ಆಮೇಲೆ ಅಲ್ಲಿಗೆ ಯಾರು ಕಾಲಿಟ್ಟರೂ ಇನ್ನೊಮ್ಮೆ ಕೇಳಿಸುತ್ತದೆ. ಕೊಟ್ಟಿಗೆಯ ಬಾಗಿಲಲ್ಲಿ ಅತ್ತೆ ಸೊಸೆ ಆಡಿದ್ದನ್ನು ಹಾಲು ಕರೆಯಲು ಹೋದವರೆಲ್ಲ ಕೇಳಬೇಕು, ಪಾಪ, ಹಸುವೂ ಕೇಳಬೇಕು. ಅದು ಬೇಜಾರಾಗಿ ಹಾಲು ಇಳಿಸುವುದಿಲ್ಲ. ಆಗ ನನಗೆ ಹೇಳಿಕಳಿಸುತ್ತಾರೆ. ನಾನು ಹೋಗಿ ಆ ಜಾಗದಲ್ಲಿ ಬುಡ್ಡಿಯ ಬಾಯಿ ತೆರೆದು ಹಿಡಿಯುತ್ತೇನೆ. ಗಾಜಿಗೆ ಒಳಗಿನಿಂದ ಮಂಜು ಕಟ್ಟಿತೆಂದರೆ ಮಾತು ಸೇರಿತು ಅಂತ. ಮೇಲೆ ಒದ್ದೆ ವೀಳ್ಯದೆಲೆ ಮುಚ್ಚಿ ಕುಲುಮೆಗೆ ತರುತ್ತೇನೆ.

ತಾಮ್ರ ಮತ್ತು ಗಾಜು ಸುಮ್ಮನೆ ಒಂದಾಗುವ ಜಾತಿಯವಲ್ಲ. ಮುಚ್ಚಳದ ಅಂಚನ್ನು ವೀಳ್ಯದೆಲೆಯ ಅಂಚಿನಷ್ಟು ತೆಳ್ಳಗೆ ತಟ್ಟಬೇಕು. ಅದನ್ನು ಬೆಂಕಿಗೆ ಹಿಡಿದಾಗ ಮೈಮೇಲೊಂದು ಕೆಂಪು ಪೊರೆ ಬರುತ್ತದೆ. ಗಾಜು ಕಚ್ಚಿಕೊಳ್ಳುವುದು ಆ ಪೊರೆಯನ್ನು, ತಾಮ್ರವನ್ನಲ್ಲ. ಪೊರೆ ಬಾರದಿದ್ದರೆ ಗಾಜು ಜಾರುತ್ತದೆ, ಹೆಚ್ಚಾಗಿ ಕಪ್ಪಾದರೆ ಹಕ್ಕಳೆಯಾಗಿ ಉದುರುತ್ತದೆ. ಎಷ್ಟು ಹೊತ್ತು ಹಿಡಿಯಬೇಕೆಂಬುದಕ್ಕೆ ನನ್ನ ಬಳಿ ಇರುವ ಅಳತೆ ಒಂದೇ. ಗುಡ್ಡದ ಸ್ವಾಮಿಯ ಮಂಟಪದಲ್ಲಿ ಸಂಜೆ ಹೊತ್ತು ಅಯ್ಯನವರು ಕಾವ್ಯ ವಾಚನ ಮಾಡುತ್ತಿದ್ದರು. ಅಪ್ಪನ ತೊಡೆಯ ಮೇಲೆ ಕೂರುವ ವಯಸ್ಸಿನಿಂದ ನಾನು ಅಲ್ಲಿನ ಕಂಬಕ್ಕೆ ಒರಗಿ ಕೇಳಿದವನು. ಮನಸ್ಸಿನಲ್ಲೇ ಒಂದು ಷಟ್ಪದಿ ಹೇಳಿ ಮುಗಿಸುವಷ್ಟು ಹೊತ್ತು ಹಿಡಿದರೆ ಕೆಂಪು, ಎರಡನೆಯದಕ್ಕೆ ಬಾಯಿಟ್ಟರೆ ಕಪ್ಪು. ಅಪ್ಪನೂ ಹೀಗೇ ಅಳೆಯುತ್ತಿದ್ದ.

ಬೆಸೆದ ಮೇಲೆ ಬುಡ್ಡಿಯನ್ನು ಬಿಸಿ ಬೂದಿಯ ಗಡಿಗೆಯಲ್ಲಿ ಹೂಳಬೇಕು. ತಾಮ್ರಕ್ಕೆ ಆರುವ ಆತುರ ಹೆಚ್ಚು, ಗಾಜಿಗೆ ಕಮ್ಮಿ. ಇಬ್ಬರನ್ನೂ ಒಂದೇ ನಡಿಗೆಯಲ್ಲಿ ಕರೆತರದಿದ್ದರೆ ಟಣ್ ಎಂದು ಬಿರುಕು. ಅದಕ್ಕೇ ನಮ್ಮಲ್ಲಿ ಪದ್ಧತಿ: ಜಗಳವಾಡಿದ ಇಬ್ಬರೂ ಗಡಿಗೆಯ ಆಚೆ ಈಚೆ ಕೂರಬೇಕು. ಆರುವ ತನಕ ಏಳುವ ಹಾಗಿಲ್ಲ, ಬೀಸಣಿಗೆ ಆಡಿಸುವ ಹಾಗಿಲ್ಲ, ದನಿ ಎತ್ತುವ ಹಾಗಿಲ್ಲ. ಮೊನ್ನೆ ಕುಂಬಾರ ಬೀದಿಯ ಅಣ್ಣ ತಮ್ಮ ಒಂದು ಕೋಳಿಯ ವಿಷಯಕ್ಕೆ ಹೊಡೆದಾಡಿಕೊಂಡು ಬಂದು ಕೂತರು. ಮಧ್ಯಾಹ್ನದ ಹೊತ್ತಿಗೆ ಅದೇ ಕೋಳಿಯ ಸಾರಿಗೆ ಮೆಣಸು ಹಾಕಿದರೆ ರುಚಿಯೋ ಖಾರದಪುಡಿ ಹಾಕಿದರೆ ರುಚಿಯೋ ಎಂದು ಪಿಸುಗುಡುತ್ತಿದ್ದರು.

ಆರಿದ ಬುಡ್ಡಿಯನ್ನು ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳದಿದ್ದರೆ ಕೊಟ್ಟು ಕಳಿಸುತ್ತೇನೆ. ಅವರು ಅದನ್ನು ನಡುಮನೆಯ ಹಲಗೆಯ ಮೇಲೆ ಜೋಡಿಸಿಡುತ್ತಾರೆ. ಹೆಣ್ಣು ಗಂಡು ನೋಡಲು ಬಂದವರು ಮೊದಲು ಕಣ್ಣೆತ್ತಿ ನೋಡುವುದು ಆ ಹಲಗೆಯನ್ನು. ಬುಡ್ಡಿ ಇದ್ದರೆ ಈ ಮನೆಯವರು ಮನುಷ್ಯರು, ಆಡಿದ್ದನ್ನು ಬೆಸೆದು ಎತ್ತಿಡುವ ಯೋಗ್ಯತೆ ಉಳ್ಳವರು ಅಂತ ಲೆಕ್ಕ. ಖಾಲಿ ಇದ್ದರೆ ಅನುಮಾನ. ಜಗಳವನ್ನು ಯಾವುದೋ ಕತ್ತಲೆ ಕೋಣೆಯಲ್ಲಿ ಸಡಿಲ ಬಿಟ್ಟು ಬೀಗ ಜಡಿದಿದ್ದಾರೋ, ಇಲ್ಲವೇ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡುವುದೇ ಇಲ್ಲವೋ, ಯಾರಿಗೆ ಗೊತ್ತು?

ಊರಿನ ಹಲಗೆಗಳನ್ನೆಲ್ಲ ತುಂಬಿಸಿದ ನನ್ನ ಮನೆಯ ಹಲಗೆ ಖಾಲಿ ಇತ್ತು.

ಇದಕ್ಕೆ ನನ್ನ ಹೆಂಡತಿ ಚಿಕ್ಕತಾಯಮ್ಮನನ್ನು ದೂರುವ ಹಾಗಿಲ್ಲ. ಮದುವೆಯಾಗಿ ಬಂದ ದಿನದಿಂದ ಆಕೆ ತನ್ನ ಪಾಲಿನದನ್ನು ಸರಿಯಾಗಿಯೇ ಮಾಡಿದ್ದಾಳೆ. ಆದರೆ ಒಂದು ಕೈಯಿಂದ ಚಪ್ಪಾಳೆ ಆಗುತ್ತದೆಯೇ? ಉತ್ತರ ಸಿಗದ ಮಾತು ನಮ್ಮೂರಲ್ಲೂ ನಿಲ್ಲುವುದಿಲ್ಲ, ಕಿಟಕಿಯಿಂದ ಹೊಗೆಯ ಹಾಗೆ ಹೋಗಿಬಿಡುತ್ತದೆ. ನಾನೋ, ಯಾರಾದರೂ ಮಾತಾಡಿದರೆ ಕಂಬಕ್ಕೆ ಒರಗಿ ಕೇಳಿ ಅಭ್ಯಾಸವಾದವನು. ವಾಚನದ ಮಧ್ಯೆ ಬಾಯಿ ಹಾಕುವುದುಂಟೇ?

ಹೀಗಿರುವಾಗ ನಮ್ಮ ಮಗಳು ಹೊನ್ನಿ ಕಂಚುಗಾರರ ತಿಮ್ಮರಾಯನನ್ನು ಮೆಚ್ಚಿದಳು. ಗಂಟೆ ಎರಕ ಹೊಯ್ಯುವ ಹುಡುಗ. ಮುಚ್ಚಳಕ್ಕೆ ತಾಮ್ರ ತರಲು ಹೋಗುತ್ತಿದ್ದವಳು ಆಮೇಲಾಮೇಲೆ ತಾಮ್ರ ಬೇಡದ ದಿನವೂ ಹೋಗತೊಡಗಿದಳು. ಹುಡುಗನ ಮನೆಯವರೂ ಒಪ್ಪಿ, ನಾಡಿದ್ದು ಹಲಗೆ ನೋಡಲು ಬರುತ್ತೇವೆಂದು ಹೇಳಿಕಳಿಸಿದರು. ಅಡಿಗೆಮನೆಯಲ್ಲಿ ಚಿಕ್ಕತಾಯಮ್ಮನ ಕೈಯಿಂದ ಸೌಟು ಜಾರಿದ ಸದ್ದು ನನಗೆ ಕುಲುಮೆಯ ಬಳಿಯೇ ಕೇಳಿಸಿತು.

“ಹುಡುಗನ ತಾಯಿ ದ್ಯಾವೀರಮ್ಮ ಸಾಮಾನ್ಯದವಳಲ್ಲ” ಅಂದಳು ಹೊರಗೆ ಬಂದು. “ಅವಳ ಮನೇಲಿ ಹಲಗೆ ಸಾಲದೆ ಅಟ್ಟಕ್ಕೂ ಏರಿಸಿದ್ದಾರೆ ಬುಡ್ಡೀನ. ನಮ್ಮದು ನೋಡಿದ್ರೆ ಬೋಳು ತಲೆ.”

ಹೊನ್ನಿಯ ಕಣ್ಣು ತುಂಬಿತ್ತು. “ಅಪ್ಪಾ, ಬರೀ ಬುಡ್ಡಿ ಒಂದನ್ನ ಬೆಸೆದು ಇಟ್ಟುಬಿಡೋಣ. ಯಾರು ಒಡೆದು ನೋಡ್ತಾರೆ?”

“ಬರೀ ಗಾಳೀನ ಬೆಸೆದ್ರೆ ಸ್ವಾಮಿ ಮೆಚ್ತಾನಾ ಮಗಾ? ಅದೂ ಅಲ್ಲದೆ ಮಂಜು ಇಲ್ಲದ ಗಾಜು ದೂರದಿಂದಲೇ ಗೊತ್ತಾಗುತ್ತೆ.”

“ಹಾಗಾದ್ರೆ ಜಗಳ ಆಡಿ! ನಿಮ್ಮ ಕಾಲಿಗೆ ಬೀಳ್ತೀನಿ. ಒಂದೇ ಒಂದು.”

ಮಗಳ ಬಾಳಿನ ಪ್ರಶ್ನೆ. ಮರುದಿನ ಬೆಳಿಗ್ಗೆ ಮಿಂದು, ವಿಭೂತಿ ಇಟ್ಟುಕೊಂಡು, ಸ್ವಾಮಿಗೆ ಕೈಮುಗಿದು ಜಗಳಕ್ಕೆ ಕೂತೆವು. ಹೊನ್ನಿ ಬುಡ್ಡಿ ಹಿಡಿದು ನಮ್ಮಿಬ್ಬರ ಮಧ್ಯೆ ನಿಂತಳು.

ಚಿಕ್ಕತಾಯಮ್ಮ ಸೆರಗು ಸಿಕ್ಕಿಸಿ ಶುರುಮಾಡಿದಳು. “ನಿಮ್ಮನ್ನ ಕಟ್ಟಿಕೊಂಡು ನಾನು ಏನು ಸುಖ ಕಂಡೆ?”

ನಾನು ಯೋಚಿಸಿದೆ. “ಹೌದು ಕಣೇ. ಅಷ್ಟೇನಿಲ್ಲ” ಅಂದೆ.

“ಅಯ್ಯೋ, ಹೌದು ಅನ್ನಬಾರದು ಅಪ್ಪಾ!”

“ಮತ್ತೇನನ್ನಲಿ? ಅವಳು ಹೇಳ್ತಿರೋದು ನಿಜ ತಾನೆ.”

“ಸಾರಿನ ವಿಷಯ ತೆಗೀರಿ” ಎಂದು ಹೆಂಡತಿಯೇ ದಾರಿ ತೋರಿಸಿದಳು. “ನಿನ್ನೆ ಸಾರಿಗೆ ಉಪ್ಪು ಕಮ್ಮಿ ಇತ್ತು. ಅದಕ್ಕೆ ಬಯ್ಯಿರಿ.”

ನಾನು ಗಂಟಲು ಸರಿಮಾಡಿಕೊಂಡು, “ನಿನ್ನೆ ಸಾರಿಗೆ ಉಪ್ಪು ಒಂದು ಚೂರು…” ಎಂದು, ಅವಳ ಮುಖ ನೋಡಿ, “ಆದ್ರೂ ಚೆನ್ನಾಗಿತ್ತು” ಅಂದೆ.

ತಾಯಿ ಮಗಳು ಇಬ್ಬರೂ ಹಣೆ ಹಣೆ ಚಚ್ಚಿಕೊಂಡರು. ಹೀಗೆ ಎಳೆದೆಳೆದು, ಬೆನ್ನ ಮೇಲೆ ಬಿಸಿಲು ಬರುವ ಹೊತ್ತಿಗೆ, ಬುಡ್ಡಿಯ ತಳದಲ್ಲಿ ಇಷ್ಟೇ ಇಷ್ಟು ಮಂಜು ಕಟ್ಟಿತು. ಮಗು ಕನ್ನಡಿಗೆ ಉಸಿರು ಬಿಟ್ಟಷ್ಟು. ಇಷ್ಟಾದರೂ ಸಿಕ್ಕಿತಲ್ಲ ಎಂದು ನಾನು ಎಲೆ ಮುಚ್ಚಿ ಕುಲುಮೆಗೆ ಒಯ್ದೆ.

ನಮ್ಮ ಮನೆಯ ಮೊದಲ ಬುಡ್ಡಿ. ಮಗಳ ಮದುವೆಯ ಬುಡ್ಡಿ. ಹಿಂದಿನ ರಾತ್ರಿಯೇ ಅದಕ್ಕೆಂದು ಒಳ್ಳೆಯ ಮುಚ್ಚಳವೊಂದನ್ನು ಆರಿಸಿ, ಹುಣಸೆಹಣ್ಣು ಹಾಕಿ ದೇವರ ತಂಬಿಗೆಯನ್ನು ಬೆಳಗುವ ಹಾಗೆ ಬೆಳಗಿದ್ದೆ. ಅದರಲ್ಲಿ ಮುಖ ಕಾಣುತ್ತಿತ್ತು. ಈಗ ಅದನ್ನು ಬೆಂಕಿಗೆ ಹಿಡಿದೆ. ಆದರೆ ಆ ಹೊಳಪು ಮಾಸುವುದನ್ನು ನೋಡಲಾರದೆ, ಷಟ್ಪದಿ ಅರ್ಧ ಆಗುವಷ್ಟರಲ್ಲೇ ತೆಗೆದು ಗಾಜಿಗೆ ಒತ್ತಿದೆ. ಕೂತ ಹಾಗೆ ಕಂಡಿತು. ಬೂದಿಗೆ ಇಳಿಸಲು ಎತ್ತಿದೆನೋ ಇಲ್ಲವೋ, ಮುಚ್ಚಳ ನಯವಾಗಿ ಜಾರಿ, ನೆಲದ ಮೇಲೆ ಬಿದ್ದು, ಉರುಳಿಕೊಂಡು ಹೋಗಿ ಚಿಕ್ಕತಾಯಮ್ಮನ ಕಾಲ ಬಳಿ ನಿಂತಿತು. ಬುಡ್ಡಿಯಿಂದ ‘ಆದ್ರೂ ಚೆನ್ನಾಗಿತ್ತು’ ಎಂದು ನನ್ನದೇ ದನಿ ಒಂದು ಸಲ ಕೇಳಿಸಿ, ಗಾಜು ತಿಳಿಯಾಯಿತು.

ಚಿಕ್ಕತಾಯಮ್ಮ ಬಗ್ಗಿ ಮುಚ್ಚಳ ಎತ್ತಿಕೊಂಡು ನೋಡಿದಳು. ಅದರಲ್ಲಿ ತನ್ನ ಮುಖ ಕಂಡಿರಬೇಕು.

“ಬೆಳಗಿದ್ರಾ?”

“ನಮ್ಮನೇದಲ್ವಾ ಅಂತ…”

“ಊರೋರಿಗೆಲ್ಲ ಹೇಳ್ತೀರಿ, ಹೊಳೆಯೋ ತಾಮ್ರಕ್ಕೆ ಗಾಜು ಅಂಟಲ್ಲ ಅಂತ. ಈ ಮನೇಲಿ ನಾನು ಅದನ್ನ ಕೇಳಿ ಕೇಳಿ ಕಿವಿ ತೂತಾಗಿದೆ. ನಮ್ಮ ಸರದಿ ಬಂದಾಗ ಮರೆತುಹೋಯ್ತಾ?” ಅವಳ ದನಿ ಈಗ ಬೆಳಗಿನ ದನಿಯಾಗಿರಲಿಲ್ಲ. “ನೀವೂ ಇದೇ ಮುಚ್ಚಳವೇ. ಹುಣಸೆಹಣ್ಣಲ್ಲಿ ತಿಕ್ಕಿದ ತಂಬಿಗೆ! ನೋಡೋರಿಗೆ ಫಳಫಳ. ಇಷ್ಟು ವರ್ಷ ನಾನು ಒಬ್ಬಳೇ ಬಡಕೊಂಡೆನಲ್ಲ, ಒಂದು ಮಾತಾದ್ರೂ ನಿಮಗೆ ಅಂಟ್ತಾ? ಎಲ್ಲ ಜಾರಿ ಜಾರಿ ಹೋಯ್ತು. ಗೋಡೆಗೆ ಹೇಳಿದ್ದರೆ ಗೋಡೆ ಬಿರುಕಾದ್ರೂ ಬಿಡ್ತಿತ್ತು!”

ನನಗೆ ಏನಾಯಿತೋ ಗೊತ್ತಿಲ್ಲ. ಕೇಳುವುದನ್ನೇ ಬದುಕು ಮಾಡಿಕೊಂಡವನಿಗೆ ನೀನು ಕೇಳಲೇ ಇಲ್ಲ ಎಂದರೆ, ಅದು ಬಂದು ತಾಗುವ ಜಾಗವೇ ಬೇರೆ.

“ಅಂಟಲಿಲ್ವಾ?” ಅಂದೆ. ನನ್ನ ದನಿ ನನಗೇ ಹೊಸದಾಗಿತ್ತು. “ಬಂದ ವರ್ಷ, ಇದೇ ಬಾಗಿಲಲ್ಲಿ ನಿಂತುಕೊಂಡು, ‘ನಮ್ಮಪ್ಪನ ಮನೇಲಿ ಮಲ್ಲಿಗೆ ಚಪ್ಪರ ಇತ್ತು, ಇಲ್ಲಿ ತಲೆಗೆ ಮುಡಿಯೋಕೆ ಬೂದಿ’ ಅಂದೆ. ಅಂದೆಯೋ ಇಲ್ವೋ? ಹೊನ್ನಿ ಹುಟ್ಟಿ ಬಾಣಂತನದಲ್ಲಿದ್ದಾಗ, ‘ನಿಮ್ಮ ತಾಯಿ ನನ್ನ ಕೈ ಸಾರನ್ನ ಎರಡು ಸಲ ಬಡಿಸಿಕೊಂಡರು, ಬಾಯಿಬಿಟ್ಟು ಒಂದು ಸಲ ಹೊಗಳಲಿಲ್ಲ’ ಅಂದೆ. ಆ ವರ್ಷದ ಗೌರಿ ಹಬ್ಬಕ್ಕೆ, ‘ನನಗೆ ಹಸಿರು ಸೀರೆ ಒಗ್ಗಲ್ಲ, ಗಿಳಿ ಹಾಗೆ ಕಾಣ್ತೀನಿ’ ಅಂದೆ…”

“ನೆನಪಿತ್ತಾ?” ಅವಳು ಸೊಂಟದ ಮೇಲೆ ಕೈಯಿಟ್ಟಳು. “ನೆನಪಿಟ್ಟುಕೊಂಡೂ ಮುಂದಿನ ಹಬ್ಬಕ್ಕೆ ಹಸಿರೇ ತಂದ್ರಾ?”

“ಅಂಗಡೀಲಿ ಇದ್ದಿದ್ದೇ ಅದೊಂದು!”

“ಹಾಗಂತ ಹೇಳೋಕೆ ಬಾಯಿ ಇರಲಿಲ್ವಾ?”

“ಹೇಳೋಕೆ ನೀನು ನಡುವೆ ಉಸಿರು ತಗೊಂಡ್ರೆ ತಾನೆ!”

“ನಾನು ಬಾಯಿಬಡುಕಿ ಅಂತಲೋ?”

“ನಾನು ಕಿವುಡ ಅಂತಲೋ?”

ಕುಲುಮೆಯಿಂದ ಅಂಗಳ, ಅಂಗಳದಿಂದ ನಡುಮನೆ, ಅಲ್ಲಿಂದ ಹಿತ್ತಲ ಬಾಗಿಲು. ನಾನು ಹಿಂದೆ ಹಿಂದೆ, ಅವಳು ಮುಂದೆ ಮುಂದೆ, ಮತ್ತೆ ಅವಳು ಹಿಂದೆ, ನಾನು ಮುಂದೆ. ಅವಳು ಆಡಿದ ಒಂದೊಂದನ್ನೂ ಆಡಿದ ಕಾಲದ ಕ್ರಮದಲ್ಲಿ, ಆಡಿದ ರಾಗದಲ್ಲೇ ಹೇಳುತ್ತ ಹೋದೆ. ಒಂದು ಅಕ್ಷರ ತಪ್ಪಲಿಲ್ಲ. ಅವಳು ಒಂದೊಂದಕ್ಕೂ ಹೊಸದಾಗಿ ಉತ್ತರ ಕೊಟ್ಟಳು. ಹೊನ್ನಿ ದೊಡ್ಡ ಬುಡ್ಡಿಯೊಂದನ್ನು ಎತ್ತಿಕೊಂಡು, ಕೋಳಿಮರಿ ಹಿಡಿಯುವವಳ ಹಾಗೆ, ನಮ್ಮ ಹಿಂದೆ ಓಡಾಡಿದಳು. ಕೊನೆಗೆ ನೀರಿನ ಹಂಡೆಯ ಪಕ್ಕ ನಿಂತು, ನೆರೆಮನೆಯ ಪಾರಿವಾಳ ಹಾರುವಷ್ಟು ಗಟ್ಟಿಯಾಗಿ ನಾನೊಂದು ಮಾತು ಕೂಗಿದೆ. ಚಿಕ್ಕತಾಯಮ್ಮ ಇಷ್ಟೇ ಅಂದಳು: “ಕೂಗಬೇಡಿ.”

ಹೊನ್ನಿ ಏದುಸಿರು ಬಿಡುತ್ತ ಬುಡ್ಡಿ ಎತ್ತಿ ತೋರಿಸಿದಳು. ಕೊರಳ ತನಕ ಮಂಜು. ಬೆಣ್ಣೆ ತೆಗೆದ ಮಜ್ಜಿಗೆಯ ಹಾಗೆ ಬೆಳ್ಳಗೆ. “ಸಾಕು ನಿಲ್ಲಿಸಿ! ಇನ್ನು ಒಂದು ಮಾತೂ ಹಿಡಿಸಲ್ಲ” ಅಂದಳು. ಮುಖ ದೀಪದ ಹಾಗೆ ಬೆಳಗುತ್ತಿತ್ತು.

ಕೈಗೆ ಸಿಕ್ಕಿದ ಮಾಸಲು ಮುಚ್ಚಳವೊಂದನ್ನು ಎತ್ತಿಕೊಂಡು ಬೆಂಕಿಗೆ ಹಿಡಿದೆ. ಎಷ್ಟು ತಡಕಿದರೂ ಒಂದು ಷಟ್ಪದಿಯೂ ನೆನಪಿಗೆ ಬರಲಿಲ್ಲ. ತಲೆಯ ತುಂಬ ಅವಳ ಮಾತೇ. ಸರಿ, ಹಸಿರು ಸೀರೆಯ ಮಾತನ್ನೇ ಮೊದಲಿನಿಂದ ಕೊನೆಯ ತನಕ ಮನಸ್ಸಿನಲ್ಲಿ ಹೇಳಿಕೊಂಡೆ. ಅದು ಮುಗಿಯುವುದಕ್ಕೂ ತಾಮ್ರ ಕುಂಕುಮದ ಬಣ್ಣಕ್ಕೆ ತಿರುಗುವುದಕ್ಕೂ ಸರಿಹೋಯಿತು. ಎಲೆ ಸರಿಸಿ, ಮೆತ್ತಗಾದ ಗಾಜಿನ ಬಾಯಿಗೆ ಒತ್ತಿದೆ. ಗಾಜು ಅಂಚನ್ನು ಕಚ್ಚಿಕೊಂಡದ್ದು ಬೆರಳಿಗೇ ತಿಳಿಯಿತು.

ಬುಡ್ಡಿ ಬೂದಿಗೆ ಇಳಿಯಿತು. ನಾನು ಗಡಿಗೆಯ ಈಚೆ, ಅವಳು ಆಚೆ ಕೂತೆವು. ಊರಿನವರನ್ನು ಕೂರಿಸಿ ಕೂರಿಸಿ ಸವೆದ ಮಣೆಗಳು. ನಾವಿಬ್ಬರೂ ಅವುಗಳ ಮೇಲೆ ಕೂತದ್ದು ಅದೇ ಮೊದಲು. ಒಂದಷ್ಟು ಹೊತ್ತು ಅವಳು ಬೂದಿ ನೋಡಿದಳು, ನಾನು ಸೂರು ನೋಡಿದೆ.

“ಮಣೆ ಒತ್ತುತ್ತೆ. ಇದರ ಮೇಲೆ ಊರವರನ್ನ ಸಂಜೆ ತನಕ ಕೂರಿಸ್ತೀರಲ್ಲ” ಅಂದಳು ಮೆಲ್ಲಗೆ.

“ಯಾರೂ ಹೇಳಲಿಲ್ಲ.”

“ಹೇಳಿದ್ರೆ ನೆನಪಿಟ್ಟುಕೊಳ್ತೀರಿ ಅಂತ ಗೊತ್ತಾದ್ರೆ ತಾನೆ ಹೇಳೋದು” ಎಂದು ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ನಕ್ಕಳೋ ಏನೋ.

ಆಗ ಬೀದಿಯಲ್ಲಿ ಗಾಡಿ ನಿಂತ ಸದ್ದಾಯಿತು. ನಾಳೆ ಬರಬೇಕಾದ ದ್ಯಾವೀರಮ್ಮ, ಇವತ್ತೇ ಗಾಡಿ ಸಿಕ್ಕಿತೆಂದು, ಗಂಡ ಕರಿಯಣ್ಣನನ್ನೂ ಮಗ ತಿಮ್ಮರಾಯನನ್ನೂ ಹಿಂದೆ ಹಾಕಿಕೊಂಡು ಬಂದೇಬಿಟ್ಟಳು. ನಾವು ಏಳುವ ಹಾಗಿಲ್ಲ. ಕೂತಲ್ಲಿಂದಲೇ ಕೈಮುಗಿದೆವು. ಆಕೆ ಚಪ್ಪಲಿ ಬಿಟ್ಟವಳೇ ನಡುಮನೆಗೆ ಬಂದು ಕಣ್ಣೆತ್ತಿದಳು.

“ಹಲಗೆ ಖಾಲಿ ಇದೆಯಲ್ಲ?”

“ಬುಡ್ಡಿ ಬೂದೀಲಿ ಆರ್ತಾ ಇದೆ ಅತ್ತೆ” ಅಂದಳು ಹೊನ್ನಿ. ನಾಲಗೆ ತಾನಾಗಿ ‘ಅತ್ತೆ’ ಅಂದುಬಿಟ್ಟಿತ್ತು. ತಿಮ್ಮರಾಯ ಗೋಡೆಯ ಕಡೆ ತಿರುಗಿಕೊಂಡ.

“ಬೂದೀಲಿ ಇರೋದು ಬುಡ್ಡಿಯೋ ಗೆಣಸೋ, ಕಂಡವರು ಯಾರು? ತೆಗೆದು ತೋರಿಸಿ.”

“ಈಗ ತೆಗೆದ್ರೆ ಬಿರುಕು ಬಿಡುತ್ತಮ್ಮ. ಸಂಜೆ ಆಗಬೇಕು” ಅಂದೆ, ದನಿ ಎತ್ತದೆ.

“ಇಷ್ಟು ವರ್ಷ ಸಂಸಾರ ಮಾಡಿ, ನಾವು ಬರೋ ಹೊತ್ತಿಗೇ ಸರಿಯಾಗಿ ಒಂದು ಜಗಳ ಹುಟ್ಟಿತಾ? ಚೆನ್ನಾಗಿದೆ.” ಆಕೆ ಮಗನ ಕಡೆ ನೋಡಿದಳು. ಆ ನೋಟದಲ್ಲೇ ಗಾಡಿ ಹಿಂದಕ್ಕೆ ತಿರುಗುತ್ತಿತ್ತು. ಹೊನ್ನಿಯ ಮುಖ ಬಾಡಿತು. “ಬಿಸಿಲಲ್ಲಿ ಬಂದಿದ್ದೀವಿ, ಕುಡಿಯೋಕೆ ನೀರಾದ್ರೂ ಇದೆಯೋ?”

ಹೊನ್ನಿ ಎದ್ದಳು. “ನೀನು ಇರವ್ವ, ನಾನೇ ತಗೋತೀನಿ” ಎಂದು ದ್ಯಾವೀರಮ್ಮ ಹಂಡೆಯ ಕಡೆ ನಡೆದಳು.

ಹಂಡೆಯ ಪಕ್ಕದ ಮಾತು! ಬುಡ್ಡಿ ತುಂಬಿಹೋಗಿ ಹಿಡಿಸದೆ ಅಲ್ಲೇ ಉಳಿದಿತ್ತು. ಬೆಸೆಯುವವನ ಮನೆಯಲ್ಲೇ ಸಡಿಲ ಮಾತು ಎಂದರೆ ಇನ್ನು ಮದುವೆ ಮಾತೆಲ್ಲಿ ಬಂತು? ಏಳಲು ನೋಡಿದೆ, ಏಳುವ ಹಾಗಿಲ್ಲ. ಕೂಗಲು ನೋಡಿದೆ, ಕೂಗುವ ಹಾಗಿಲ್ಲ. ಚಿಕ್ಕತಾಯಮ್ಮ ಗಡಿಗೆಯಾಚೆ ಕಣ್ಣು ಮುಚ್ಚಿಕೊಂಡುಬಿಟ್ಟಳು.

ದ್ಯಾವೀರಮ್ಮ ಹಂಡೆಯ ಮುಂದೆ ನಿಂತು ಲೋಟ ಅದ್ದಿದಳು. ನನ್ನ ದನಿ ಮನೆಯೆಲ್ಲ ಕೇಳುವಂತೆ ಗುಡುಗಿತು.

“ನೀನು ಆಡಿದ್ದರಲ್ಲಿ ಒಂದು ಮಾತನ್ನಾದ್ರೂ ನೆಲಕ್ಕೆ ಬೀಳೋಕೆ ಬಿಟ್ಟಿದ್ದೀನೇನೇ ನಾನು!”

ಲೋಟ ನೀರಿನಲ್ಲೇ ನಿಂತಿತು. ದ್ಯಾವೀರಮ್ಮ ಒಂದು ಹೆಜ್ಜೆ ಹಿಂದಕ್ಕೆ ಬಂದಳು. ನಮ್ಮ ಕಡೆ ನೋಡಲಿಲ್ಲ. ಮತ್ತೆ ಒಂದು ಹೆಜ್ಜೆ ಮುಂದೆ ಹೋಗಿ ಅದೇ ಜಾಗದಲ್ಲಿ ನಿಂತಳು. ಮಾತು ಮತ್ತೆ ಕೇಳಿಸಿತು. ಆಕೆ ನೀರು ಕುಡಿದಳು, ನಿಧಾನವಾಗಿ, ಲೋಟ ಪೂರ್ತಿ. ಬಾಯಿ ಒರೆಸಿಕೊಂಡು ಗಂಡನನ್ನು ಕರೆದಳು.

“ಇಲ್ಲಿ ಬನ್ನಿ ಸ್ವಲ್ಪ. ಇಲ್ಲಿ ನಿಂತುಕೊಳ್ಳಿ.”

ಕರಿಯಣ್ಣ ಬಂದು ನಿಂತ. ಕೇಳಿಸಿಕೊಂಡ. ನೆಲ ನೋಡಿದ.

“ಕೇಳಿಸ್ತಾ?”

“ಹ್ಞೂಂ.”

“ನಮ್ಮ ಅಟ್ಟದ ತುಂಬಾ ಇದೆಯಲ್ಲ ನಿಮ್ಮದು. ಅಷ್ಟರಲ್ಲಿ ಇಂಥದ್ದು ಒಂದಾದ್ರೂ ಇದೆಯಾ?”

ಕರಿಯಣ್ಣ ತಲೆ ಕೆರೆದುಕೊಂಡ. “ಹುಡುಕಬೇಕು ಅಂದ್ರೆ ಎಲ್ಲಾ ಒಡೀಬೇಕಾಗುತ್ತಲ್ಲೇ.”

ದ್ಯಾವೀರಮ್ಮನಿಗೆ ನಗು ತಡೆಯಲಾಗಲಿಲ್ಲ. ಆಕೆ ನಕ್ಕದ್ದು ನೋಡಿ ತಿಮ್ಮರಾಯ ಗೋಡೆಯಿಂದ ಈ ಕಡೆ ತಿರುಗಿದ. ಆಕೆ ಬಂದು ಗಡಿಗೆಯ ಬಳಿ, ಚಿಕ್ಕತಾಯಮ್ಮನ ಪಕ್ಕ ಬರಿನೆಲದ ಮೇಲೆ ಕೂತಳು. “ಬೆಸೆಯೋರ ಮನೇಲೇ ಮಾತು ಸಡಿಲ ಬಿಟ್ಟಿದ್ದೀರಿ” ಎಂದು ಮೊದಲು ಗದರಿಸಿದಳು. ಹಾಗೆ ಗದರಿಸುವುದು ಆಕೆಯ ಧರ್ಮ. ಆಮೇಲೆ ಸಣ್ಣ ದನಿಯಲ್ಲಿ, “ಸಂಜೆ ತನಕ ತಾನೆ? ಕಾಯ್ತೀವಿ ಬಿಡಿ. ಅಲ್ಲಿ ತನಕ ನಿಮ್ಮ ಹಸಿರು ಸೀರೆ ಕತೆ ಏನು ಹೇಳಿ ತಾಯಮ್ಮಾ. ಅಂಗಳ ದಾಟುವಾಗ ಅರ್ಧ ಕೇಳಿಸ್ತು” ಅಂದಳು. ಅಂಗಳದ್ದನ್ನೂ ಹೊನ್ನಿ ಪೂರ್ತಿ ಹಿಡಿದಿರಲಿಲ್ಲ.

ಸಂಜೆ ಬುಡ್ಡಿ ತೆಗೆದೆ. ಗಾಜು ತಾಮ್ರ ಸೇರಿದ ಕಡೆ ಸುತ್ತಲೂ ಕುಂಕುಮದ ಗೆರೆ. ನೀರಿನಲ್ಲಿ ಮುಳುಗಿಸಿದೆ. ಎಲ್ಲರೂ ಬಗ್ಗಿ ನೋಡಿದರು. ಒಂದು ಗುಳ್ಳೆ ಏಳಲಿಲ್ಲ. ದ್ಯಾವೀರಮ್ಮ ತನ್ನ ಕೈಯಾರೆ ಅದನ್ನು ಹಲಗೆಯ ಮೇಲಿಟ್ಟು, ಹೊನ್ನಿಯ ಮಡಿಲಿಗೆ ಎಲೆ ಅಡಿಕೆ ಹಾಕಿದಳು.

ಗಾಡಿ ಹೋದ ಮೇಲೆ ನಾನು ಸಣ್ಣ ಬುಡ್ಡಿಯೊಂದನ್ನು ತೊಳೆದು, ಅಂಗಳದ ಚೂರನ್ನು ಮೊದಲು ಹಿಡಿದು, ಹಂಡೆಯ ಕಡೆ ಹೊರಟೆ. ಚಿಕ್ಕತಾಯಮ್ಮ ಅಡ್ಡ ಬಂದು ಬುಡ್ಡಿ ಕಿತ್ತುಕೊಂಡಳು.

“ಅಲ್ಲಿರೋದನ್ನ ಹಿಡಿಯಬೇಕಲ್ಲೇ, ಹೋಗಿ ಬರೋರಿಗೆಲ್ಲ ಕೇಳುತ್ತೆ” ಅಂದೆ.

“ಈ ಬುಡ್ಡಿ ಉಪ್ಪಿನಕಾಯಿಗೆ ಬೇಕು” ಅಂದಳು.

ಹೊನ್ನಿಯ ಮದುವೆಯಾಗಿ ಎರಡು ಗೌರಿ ಹಬ್ಬ ಕಳೆದಿದೆ. ಹಬ್ಬಕ್ಕೆ ನಾನು ತಂದ ಸೀರೆ ಹಸಿರಲ್ಲ. ಮನೆಯಲ್ಲಿ ಈಗ ನಾವಿಬ್ಬರೇ, ಆದರೂ ಹಂಡೆ ದಿನಕ್ಕೆ ಎರಡು ಸಲ ತುಂಬಿಸಬೇಕು. ಅದು ಯಾಕೆ ಅಷ್ಟು ಬೇಗ ಖಾಲಿಯಾಗುತ್ತದೆಂದು ನಾನು ಕೇಳಿಲ್ಲ. ಕುಲುಮೆಯ ಬಳಿ ಕೂತು ತಾಮ್ರ ಕೆಂಪಾಗುವುದನ್ನು ನೋಡುತ್ತಿರುವಾಗ ಒಳಗಿನಿಂದ ನನ್ನ ದನಿ ಗುಡುಗುತ್ತದೆ. ಹಿಂದೆಯೇ ಲೋಟ ನೀರಿಗೆ ಅದ್ದಿದ ಸದ್ದು. ಬಾಯಾರಿಕೆ, ಪಾಪ.